ದೇಹದ ನೀರಿನ ಲೆಕ್ಕ: ವ್ಯಾಸೋಪ್ರೆಸಿನ್ ಹಾರ್ಮೋನಿನ ಏರುಪೇರು ಮತ್ತು ಅದರ ಔಷಧಿಗಳು

(ಸಾರ್ವಜನಿಕ ಆರೋಗ್ಯ ಉಪನ್ಯಾಸವೊಂದರ ಬರಹ ರೂಪ)

ರಕ್ತಪರೀಕ್ಷೆಯ ವರದಿಯಲ್ಲಿ ಸೋಡಿಯಂ ಎಂಬ ಹೆಸರಿನ ಮುಂದೆ ಒಂದು ಅಂಕಿ ಇರುತ್ತದೆ. ಆರೋಗ್ಯವಂತರಲ್ಲಿ ಅದು ಲೀಟರಿಗೆ 135ರಿಂದ 145 ಮಿಲಿಇಕ್ವಿವಲೆಂಟ್‌ಗಳ ನಡುವೆ ಇರುತ್ತದೆ. ಅದು ಕಡಿಮೆಯಾಗಿದೆ ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರು ಊಟದಲ್ಲಿ ಉಪ್ಪು ಕಡಿಮೆಯಾಯಿತೇನೋ ಎಂದು ಯೋಚಿಸುತ್ತಾರೆ, ಸಾರಿಗೆ ಇನ್ನೊಂದು ಚಿಟಿಕೆ ಉಪ್ಪು ಹಾಕುತ್ತಾರೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಆ ಅಂಕಿ ತಿಳಿಸುವುದು ದೇಹದಲ್ಲಿರುವ ನೀರಿನ ಸ್ಥಿತಿಯನ್ನು. ನೀರು ಹೆಚ್ಚಾದರೆ ಸೋಡಿಯಂ ತೆಳುವಾಗುತ್ತದೆ, ನೀರು ಕಡಿಮೆಯಾದರೆ ಗಟ್ಟಿಯಾಗುತ್ತದೆ. ಈ ನೀರಿನ ಲೆಕ್ಕವನ್ನು ಇಡುವುದು ಮುಖ್ಯವಾಗಿ ಒಂದೇ ಒಂದು ಹಾರ್ಮೋನು. ಅದು ಕೊರತೆಯಾದಾಗ ಮತ್ತು ಅತಿಯಾದಾಗ ಏನಾಗುತ್ತದೆ, ಅದಕ್ಕೆ ಯಾವ ಔಷಧಿಗಳಿವೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಅದಕ್ಕಿಂತ ಹೆಚ್ಚಾಗಿ, ಈ ಔಷಧಿಗಳನ್ನು ಕೊಡುವುದಕ್ಕಿಂತ ಕೊಟ್ಟ ಮೇಲೆ ನೀರನ್ನು ಅಳೆದು ನೋಡುತ್ತಿರುವುದೇ ಏಕೆ ಕಷ್ಟದ ಕೆಲಸ ಎಂಬುದನ್ನು ಹೇಳಬೇಕೆಂದಿದ್ದೇನೆ.

ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಒಂದೂವರೆ, ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಹೋಗುತ್ತದೆ; ಉಳಿದದ್ದೆಲ್ಲ ಮರಳಿ ರಕ್ತಕ್ಕೆ ಸೇರುತ್ತದೆ. ಹೀಗೆ ಮರಳುವ ನೀರಿನ ಬಹುಪಾಲು ಹಾರ್ಮೋನಿನ ಹಂಗಿಲ್ಲದೆ ತಾನಾಗಿಯೇ ಹಿಂದಿರುಗುತ್ತದೆ. ಕೊನೆಯಲ್ಲಿ ಉಳಿಯುವ ಹದಿನೆಂಟು, ಇಪ್ಪತ್ತು ಲೀಟರಿನಷ್ಟರ ಭವಿಷ್ಯವನ್ನು ನಿರ್ಧರಿಸುವುದು ವ್ಯಾಸೋಪ್ರೆಸಿನ್. ಮೆದುಳಿನ ಬುಡದಲ್ಲಿರುವ ಹೈಪೋಥಾಲಮಸ್ ಭಾಗದ ನರಕೋಶಗಳು ಒಂಬತ್ತು ಅಮೈನೋ ಆಮ್ಲಗಳ ಈ ಪುಟ್ಟ ಸರಪಳಿಯನ್ನು ತಯಾರಿಸುತ್ತವೆ. ಅದು ನರತಂತುಗಳ ಮೂಲಕ ಇಳಿದು ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ಸಂಗ್ರಹವಾಗುತ್ತದೆ. ರಕ್ತದ ಸಾಂದ್ರತೆ ನೂರಕ್ಕೆ ಒಂದೆರಡರಷ್ಟು ಏರಿದರೂ ಸಾಕು, ಅದು ರಕ್ತಕ್ಕೆ ಬಿಡುಗಡೆಯಾಗುತ್ತದೆ. ಮೂತ್ರಪಿಂಡದ ಕೊನೆಯ ನಾಳಗಳ ಗೋಡೆಯಲ್ಲಿ ವಿ2 ಎಂಬ ಗ್ರಾಹಕಗಳಿವೆ. ಹಾರ್ಮೋನು ಅವುಗಳಿಗೆ ತಗುಲಿದಾಗ ಕೋಶದ ಒಳಗಿದ್ದ ಆಕ್ವಾಪೊರಿನ್-2 ಎಂಬ ನೀರಿನ ದಾರಿಗಳು ಗೋಡೆಯ ಮೇಲ್ಮೈಗೆ ಬಂದು ಕೂರುತ್ತವೆ. ಕೆರೆಯ ತೂಬನ್ನು ಎತ್ತಿದಂತೆ ನೀರು ಆ ದಾರಿಗಳಲ್ಲಿ ಹರಿದು ರಕ್ತಕ್ಕೆ ಮರಳುತ್ತದೆ. ಹಾರ್ಮೋನು ಇಳಿದಾಗ ಅವು ಒಳಗೆ ಸರಿಯುತ್ತವೆ, ನೀರು ಮೂತ್ರದಲ್ಲಿ ಹೋಗುತ್ತದೆ. ಕೋಶದ ಗೋಡೆಯಲ್ಲಿ ನೀರಿಗೇ ಮೀಸಲಾದ ದಾರಿಯಿದೆ ಎಂಬುದನ್ನು ತೋರಿಸಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಬಂದಿತು.

ಈ ಹಾರ್ಮೋನು ಇಲ್ಲವಾದಾಗ, ಅಥವಾ ಇದ್ದೂ ಮೂತ್ರಪಿಂಡ ಅದಕ್ಕೆ ಸ್ಪಂದಿಸದಿದ್ದಾಗ, ಬರುವ ಕಾಯಿಲೆಯನ್ನು ವೈದ್ಯರು ಬಹುಕಾಲ ಡಯಾಬಿಟಿಸ್ ಇನ್ಸಿಪಿಡಸ್ ಎಂದೇ ಕರೆದರು. ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಎರಡರಲ್ಲಿಯೂ ಬಾಯಾರಿಕೆಯಿದೆ, ಎರಡರಲ್ಲಿಯೂ ಮೂತ್ರ ಹೆಚ್ಚು. ಆದರೆ ಸಕ್ಕರೆ ಕಾಯಿಲೆಯಲ್ಲಿ ಸಕ್ಕರೆ ತನ್ನ ಜೊತೆಗೆ ನೀರನ್ನು ಎಳೆದುಕೊಂಡು ಹೋಗುತ್ತದೆ, ಇಲ್ಲಿ ಬರಿಯ ನೀರೇ ಹೋಗುತ್ತದೆ. ಇದಕ್ಕೂ ಪಿಟ್ಯುಟರಿಗೂ ನಂಟಿದೆ ಎಂಬುದು 1912ರಲ್ಲಿ ಜರ್ಮನಿಯ ವೈದ್ಯರೊಬ್ಬರಿಗೆ ಸ್ಪಷ್ಟವಾಯಿತು. ಅವರ ರೋಗಿಯ ತಲೆಯೊಳಗೆ ಗುಂಡೊಂದು ಸರಿಯಾಗಿ ಆ ಗ್ರಂಥಿಯ ಗೂಡಿನಲ್ಲಿಯೇ ಸಿಕ್ಕಿಕೊಂಡಿತ್ತು. ಮರುವರ್ಷ, 1913ರಲ್ಲಿ, ಜರ್ಮನಿಯ ಮತ್ತು ಇಟಲಿಯ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಪ್ರಾಣಿಗಳ ಪಿಟ್ಯುಟರಿಯ ಹಿಂಭಾಗದಿಂದ ತೆಗೆದ ಸಾರವನ್ನು ಚುಚ್ಚಿದಾಗ ರೋಗಿಗಳ ಮೂತ್ರ ಇಳಿದದ್ದನ್ನು ವರದಿ ಮಾಡಿದರು. ಕಾರಣ ತಿಳಿದ ಒಂದೇ ವರ್ಷದಲ್ಲಿ ಚಿಕಿತ್ಸೆಯೂ ದೊರಕಿದ ಇಂಥ ಉದಾಹರಣೆಗಳು ವೈದ್ಯಕೀಯದಲ್ಲಿ ವಿರಳ.

ಆ ಕಾಲದ ಔಷಧಿ ಹೇಗಿತ್ತೆಂಬುದನ್ನು ಇಂದಿನವರು ತಿಳಿಯಬೇಕು. ಗ್ರಂಥಿಯ ಪುಡಿಯನ್ನು ನಶ್ಯದಂತೆ ಮೂಗಿಗೆ ಏರಿಸುವುದು ಒಂದು ವಿಧಾನ. ಅದರಿಂದ ಮೂಗಿನ ಒಳಪದರ ಕೆರಳುತ್ತಿತ್ತು. ಎಣ್ಣೆಯಲ್ಲಿ ಬೆರೆಸಿದ ವ್ಯಾಸೋಪ್ರೆಸಿನ್ ಟ್ಯಾನೇಟ್ ಎಂಬ ಚುಚ್ಚುಮದ್ದು ಇನ್ನೊಂದು. ಆ ಗಾಜಿನ ಸೀಸೆಯ ತಳದಲ್ಲಿ ಕಂದು ಬಣ್ಣದ ಒಂದು ಸಣ್ಣ ಚುಕ್ಕೆ ಅಂಟಿಕೊಂಡಿರುತ್ತಿತ್ತು. ಔಷಧಿಯೆಂದರೆ ಆ ಚುಕ್ಕೆಯೇ. ಸೀಸೆಯನ್ನು ಬೆಚ್ಚಗೆ ಮಾಡಿ, ಚೆನ್ನಾಗಿ ಕುಲುಕಿ, ಚುಕ್ಕೆ ಎಣ್ಣೆಯಲ್ಲಿ ಕರಗಿತೆಂದು ಕಣ್ಣಾರೆ ಕಂಡ ಮೇಲೆಯೇ ಸ್ನಾಯುವಿಗೆ ಚುಚ್ಚಬೇಕಿತ್ತು. ಇಲ್ಲದಿದ್ದರೆ ರೋಗಿಗೆ ಸಿಗುತ್ತಿದ್ದುದು ಬರಿಯ ಎಣ್ಣೆ. ಅದು ಕೆಲಸ ಮಾಡಿದಾಗಲೂ ರಕ್ತನಾಳಗಳನ್ನು ಬಿಗಿಗೊಳಿಸಿ ಹೊಟ್ಟೆನೋವು, ರಕ್ತದೊತ್ತಡದ ಏರಿಕೆಗಳಿಗೆ ಕಾರಣವಾಗುತ್ತಿತ್ತು. ವ್ಯಾಸೋಪ್ರೆಸಿನ್‌ಗೆ ನೀರು ಹಿಡಿಯುವ ಗುಣದ ಜೊತೆಗೆ ರಕ್ತನಾಳ ಬಿಗಿಯುವ ಗುಣವೂ ಇದೆ.

ಈ ಎರಡು ಗುಣಗಳನ್ನು ಬೇರ್ಪಡಿಸುವುದು ಸಾಧ್ಯವಾದದ್ದು ರಸಾಯನ ವಿಜ್ಞಾನಿಗಳಿಂದ. ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಅವರು ಪಿಟ್ಯುಟರಿಯ ಈ ಹಾರ್ಮೋನುಗಳ ರಚನೆಯನ್ನು ಬಿಡಿಸಿ, ಪ್ರಯೋಗಾಲಯದಲ್ಲಿ ತಯಾರಿಸಿ, 1955ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ರಚನೆ ತಿಳಿದ ಮೇಲೆ ಅದನ್ನು ತಿದ್ದುವುದು ಸಾಧ್ಯವಾಯಿತು. 1967ರಲ್ಲಿ ಪ್ರಾಗ್ ನಗರದಲ್ಲಿ ಮಿಲಾನ್ ಜಾವೊರಾಲ್ ಮತ್ತು ಸಂಗಡಿಗರು ಸರಪಳಿಯ ಒಂದನೆಯ ಮತ್ತು ಎಂಟನೆಯ ಸ್ಥಾನಗಳಲ್ಲಿ ಮಾತ್ರ ಸಣ್ಣ ಬದಲಾವಣೆ ಮಾಡಿ ಡೆಸ್ಮೊಪ್ರೆಸಿನ್ ತಯಾರಿಸಿದರು. ಸಹಜ ಹಾರ್ಮೋನು ರಕ್ತದಲ್ಲಿ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಡೆಸ್ಮೊಪ್ರೆಸಿನ್ನಿನ ಪರಿಣಾಮ ಎಂಟು, ಹನ್ನೆರಡು ಗಂಟೆಗಳವರೆಗೂ ಉಳಿಯುತ್ತದೆ. ರಕ್ತನಾಳಗಳ ಮೇಲೆ ಅದರ ಪ್ರಭಾವ ಬಹುತೇಕ ಇಲ್ಲ. ಇಂದಿಗೂ ಹಾರ್ಮೋನು ಕೊರತೆಯ ಮುಖ್ಯ ಚಿಕಿತ್ಸೆ ಇದೇ.

ಈಗ ರೋಗಿಯ ಕಡೆಗೆ ಬರೋಣ. ಪಿಟ್ಯುಟರಿ ಗೆಡ್ಡೆ, ಅದರ ಶಸ್ತ್ರಚಿಕಿತ್ಸೆ, ತಲೆಗೆ ಬಿದ್ದ ಪೆಟ್ಟು, ಮೆದುಳಿನ ಕ್ಷಯ, ಕೆಲವೊಮ್ಮೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಆ ಕೋಶಗಳ ಮೇಲೆ ತಿರುಗಿಬೀಳುವುದು ಕೊರತೆಯ ಸಾಮಾನ್ಯ ಕಾರಣಗಳು. ರೋಗಿ ದಿನಕ್ಕೆ ಐದು, ಹತ್ತು ಲೀಟರ್ ಮೂತ್ರ ಮಾಡುತ್ತಾರೆ. ನೀರಿನಂತೆ ಬಣ್ಣವಿಲ್ಲದ ಮೂತ್ರ. ರಾತ್ರಿ ಹಾಸಿಗೆಯ ಪಕ್ಕದಲ್ಲಿ ತಂಬಿಗೆಯಿಟ್ಟುಕೊಂಡು ಮಲಗುತ್ತಾರೆ, ಅದೂ ಸಾಲದೆ ಎದ್ದು ಹೋಗುತ್ತಾರೆ. ಫ್ರಿಜ್ಜಿನ ತಣ್ಣೀರೇ ಬೇಕೆನ್ನುವವರು ಬಹಳ. ನೀರು ಸಿಗುವವರೆಗೆ, ಬಾಯಾರಿಕೆ ತಿಳಿಯುವವರೆಗೆ ಅವರು ಬದುಕನ್ನು ಹೇಗೋ ನಿಭಾಯಿಸುತ್ತಾರೆ, ಸೋಡಿಯಂ ಕೂಡ ಮೇಲಿನ ಅಂಚಿನಲ್ಲಿ ನಿಂತಿರುತ್ತದೆ. ಪ್ರಜ್ಞೆ ತಪ್ಪಿದಾಗ, ಶಸ್ತ್ರಚಿಕಿತ್ಸೆಗೆಂದು ನೀರು ನಿಲ್ಲಿಸಿದಾಗ, ಕೂಸಾಗಿದ್ದು ಕೇಳಲಾರದಾಗ ಅಪಾಯ ಎದುರಾಗುತ್ತದೆ.

ರೋಗ ಗುರುತಿಸುವುದು ಅಷ್ಟು ಸುಲಭವಲ್ಲ, ಏಕೆಂದರೆ ಅಭ್ಯಾಸದಿಂದಲೋ ಮನಸ್ಸಿನ ಕಾಯಿಲೆಯಿಂದಲೋ ಅತಿಯಾಗಿ ನೀರು ಕುಡಿಯುವವರ ಮೂತ್ರವೂ ಹಾಗೆಯೇ ಇರುತ್ತದೆ. ಆಸ್ಪತ್ರೆಯಲ್ಲಿ ಹಲವು ಗಂಟೆ ನೀರು ಕೊಡದೆ, ಪ್ರತಿ ಬಾರಿಯ ಮೂತ್ರವನ್ನೂ ದೇಹದ ತೂಕವನ್ನೂ ಅಳೆದು, ಕೊನೆಯಲ್ಲಿ ಡೆಸ್ಮೊಪ್ರೆಸಿನ್ ಕೊಟ್ಟು ನೋಡುವುದು ಹಳೆಯ ಪರೀಕ್ಷೆ. ಇದನ್ನು ಮನೆಯಲ್ಲಿ ಯಾರೂ ಮಾಡಿ ನೋಡಬಾರದು. ಹಾರ್ಮೋನಿನ ಜೊತೆಗೇ ಹೊರಬರುವ ಕೋಪೆಪ್ಟಿನ್ ಎಂಬ ತುಣುಕನ್ನು ರಕ್ತದಲ್ಲಿ ಅಳೆಯುವ ಹೊಸ ಪರೀಕ್ಷೆ ಇದಕ್ಕಿಂತ ನಿಖರವೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಡೆಸ್ಮೊಪ್ರೆಸಿನ್ ಮಾತ್ರೆಯಾಗಿ, ನಾಲಗೆಯ ಕೆಳಗೆ ಕರಗುವ ಬಿಲ್ಲೆಯಾಗಿ, ಮೂಗಿನ ಸ್ಪ್ರೇ ಆಗಿ, ಚುಚ್ಚುಮದ್ದಾಗಿ ದೊರೆಯುತ್ತದೆ. ಇವುಗಳ ಪ್ರಮಾಣಗಳು ಒಂದಕ್ಕೊಂದು ಹೊಂದುವುದಿಲ್ಲ. ನುಂಗಿದ ಔಷಧಿಯಲ್ಲಿ ರಕ್ತಕ್ಕೆ ಸೇರುವುದು ನೂರರಲ್ಲಿ ಒಂದು ಪಾಲೂ ಇಲ್ಲ. ಹಾಗಾಗಿ ಮಾತ್ರೆಯಲ್ಲಿ 100 ಮೈಕ್ರೋಗ್ರಾಂ ಇದ್ದರೆ, ಮೂಗಿನ ಸ್ಪ್ರೇಯಲ್ಲಿ ಸುಮಾರು 10, ಚುಚ್ಚುಮದ್ದಿನಲ್ಲಿ ಒಂದು ಅಥವಾ ಅದಕ್ಕೂ ಕಡಿಮೆ ಸಾಕಾಗುತ್ತದೆ. ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವಾಗ ಔಷಧಿ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುವುದು ಸಲ್ಲದು, ವೈದ್ಯರೇ ಬರೆದುಕೊಡಬೇಕು. ನೆಗಡಿಯಾದಾಗ ಮೂಗಿನ ಸ್ಪ್ರೇ ಸರಿಯಾಗಿ ಹೀರಿಕೊಳ್ಳುವುದಿಲ್ಲ ಎಂಬುದೂ ನೆನಪಿರಲಿ.

ಈ ಔಷಧಿಯ ಅಪಾಯ ಅದರ ಗುಣದಲ್ಲಿಯೇ ಅಡಗಿದೆ. ಸಹಜ ಹಾರ್ಮೋನು ನೀರು ಸಾಕಾದ ಕೂಡಲೇ ನಿಲ್ಲುತ್ತದೆ, ಮಾತ್ರೆ ನಿಲ್ಲುವುದಿಲ್ಲ. ಅದರ ಪರಿಣಾಮವಿರುವಾಗ ಹಳೆಯ ಅಭ್ಯಾಸದಂತೆ ತಂಬಿಗೆಗಟ್ಟಲೆ ನೀರು ಕುಡಿದರೆ ನೀರೆಲ್ಲ ದೇಹದಲ್ಲಿಯೇ ಉಳಿದು ಸೋಡಿಯಂ ಕುಸಿಯುತ್ತದೆ: ತಲೆನೋವು, ವಾಕರಿಕೆ, ಕೊನೆಗೆ ಅಪಸ್ಮಾರದಂಥ ಸೆಳೆತ. ಆದ್ದರಿಂದ ಬಾಯಾರಿದಾಗ ಮಾತ್ರ ಕುಡಿಯಿರಿ ಎಂದು ಹೇಳುತ್ತೇವೆ. ವಾರಕ್ಕೊಮ್ಮೆಯಾದರೂ ಒಂದು ಮಾತ್ರೆಯನ್ನು ತಡಮಾಡಿ, ಮೂತ್ರ ಧಾರಾಳವಾಗಿ ಹರಿಯಲಾರಂಭಿಸಿದ ಮೇಲೆ ನುಂಗುವಂತೆ ಅನೇಕ ರೋಗಿಗಳಿಗೆ ಸೂಚಿಸಲಾಗುತ್ತದೆ. ಹೆಚ್ಚುವರಿ ನೀರು ಹೊರಹೋಗಲು ಅದು ಅವಕಾಶ. ಇದೇ ಔಷಧಿಯನ್ನು ಹಾಸಿಗೆ ಒದ್ದೆ ಮಾಡುವ ಮಕ್ಕಳಿಗೂ ಕೊಡುತ್ತಾರೆ. ಮೂಗಿನ ಸ್ಪ್ರೇ ಪಡೆದ ಕೆಲವು ಮಕ್ಕಳಲ್ಲಿ ಸೋಡಿಯಂ ಕುಸಿದು ಸೆಳೆತ ಬಂದ ಕಾರಣ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಆ ಉದ್ದೇಶಕ್ಕೆ ಸ್ಪ್ರೇ ಬಳಸಬಾರದೆಂದು ಸೂಚಿಸಿತು. ಮಾತ್ರೆ ಕೊಡುವಾಗಲೂ ಮಲಗುವ ಒಂದು ಗಂಟೆ ಮೊದಲಿನಿಂದ ಬೆಳಗಿನವರೆಗೆ ಮಗು ಹೆಚ್ಚು ನೀರು ಕುಡಿಯದಂತೆ ನೋಡಿಕೊಳ್ಳಬೇಕು.

ಔಷಧಿ ಹೆಚ್ಚಾದರೆ ಒಂದು ಅಪಾಯ, ತಪ್ಪಿಹೋದರೆ ಇನ್ನೊಂದು. 2009ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಗೆಂದು ದಾಖಲಾಗಿದ್ದ ಇಪ್ಪತ್ತೆರಡು ವರ್ಷದ ತರುಣನೊಬ್ಬ ಈ ಹಾರ್ಮೋನಿನ ಮಾತ್ರೆ ಸಿಗದೆ, ನೀರೂ ಸಿಗದೆ, ಬಾಯಾರಿಕೆ ತಾಳಲಾರದೆ ಹಾಸಿಗೆಯಿಂದಲೇ ಪೊಲೀಸರಿಗೆ ಫೋನು ಮಾಡಿದ, ನಿರ್ಜಲೀಕರಣದಿಂದ ತೀರಿಕೊಂಡ. ನನಗೆ ಇದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ, ಏಕೆಂದರೆ ಆ ಸಾವನ್ನು ತಡೆಯಲು ಬೇಕಾಗಿದ್ದುದು ಒಂದು ಮಾತ್ರೆ ಮತ್ತು ಒಂದು ಲೋಟ ನೀರು. ಡಯಾಬಿಟಿಸ್ ಎಂಬ ಹೆಸರನ್ನು ಕಂಡು ಸಿಬ್ಬಂದಿ ಸಕ್ಕರೆ ನೋಡಿ ಸುಮ್ಮನಾಗುವ ಇಂಥ ಪ್ರಮಾದಗಳ ಕಾರಣದಿಂದಲೇ 2022ರಲ್ಲಿ ತಜ್ಞರ ಸಂಘಗಳು ಸೇರಿ ಕಾಯಿಲೆಯ ಹೆಸರನ್ನು ಬದಲಿಸಿ, ವ್ಯಾಸೋಪ್ರೆಸಿನ್ ಕೊರತೆ, ವ್ಯಾಸೋಪ್ರೆಸಿನ್ ಪ್ರತಿರೋಧ ಎಂದು ಕರೆಯಲು ಸಲಹೆ ಮಾಡಿದವು. ಈ ರೋಗಿಗಳು ತಮ್ಮ ಕಾಯಿಲೆಯ ಹೆಸರು, ಔಷಧಿಯ ಪ್ರಮಾಣ ಮತ್ತು “ಔಷಧಿ ನಿಲ್ಲಿಸಬೇಡಿ, ನೀರು ತಡೆಯಬೇಡಿ” ಎಂಬ ಮಾತನ್ನು ಬರೆದ ಚೀಟಿಯನ್ನು ಪರ್ಸಿನಲ್ಲಿಯೇ ಇಟ್ಟುಕೊಳ್ಳಬೇಕು. ಯಾವ ವಾರ್ಡಿಗೆ ದಾಖಲಾದರೂ ಮೊದಲು ಅದನ್ನು ತೋರಿಸಬೇಕು.

ಪ್ರತಿರೋಧದ ಕಾಯಿಲೆಯಲ್ಲಿ ಹಾರ್ಮೋನು ಸಾಕಷ್ಟಿದೆ, ಮೂತ್ರಪಿಂಡ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಹುಟ್ಟಿನಿಂದಲೇ ಬರುವ ಬಗೆಯಲ್ಲಿ ಹೆಚ್ಚಿನವು ವಿ2 ಗ್ರಾಹಕದ ವಂಶವಾಹಿ ದೋಷದಿಂದ ಆಗುವಂಥವು; ಅದು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡುಮಕ್ಕಳಲ್ಲಿ ಹೆಚ್ಚು. ಕಾರಣ ತಿಳಿಯದ ಜ್ವರ, ಮಲಬದ್ಧತೆ, ತೂಕ ಏರದಿರುವುದು, ಹಾಲಿಗಿಂತ ನೀರಿಗಾಗಿ ಅಳುವುದು ಇಂಥ ಕೂಸಿನ ಲಕ್ಷಣಗಳು. ದೊಡ್ಡವರಲ್ಲಿ ಮುಖ್ಯ ಕಾರಣ ಲಿಥಿಯಂ. ಮನೋರೋಗದ ಚಿಕಿತ್ಸೆಯಲ್ಲಿ ಲಿಥಿಯಂ ಅನೇಕರ ಬದುಕನ್ನು ಉಳಿಸಿದ ಔಷಧಿ. ಮೂತ್ರ ಹೆಚ್ಚಾಯಿತೆಂದು ಯಾರೂ ಅದನ್ನು ತಾವಾಗಿ ನಿಲ್ಲಿಸಬಾರದು. ಅದು ನಾಳದ ಕೋಶಗಳೊಳಗೆ ಹೋಗುವ ದಾರಿಯನ್ನು ಅಮಿಲೊರೈಡ್ ಎಂಬ ಮಾತ್ರೆ ಭಾಗಶಃ ಮುಚ್ಚುತ್ತದೆ. ಮೂತ್ರ ಹೆಚ್ಚಿಸುವ ಥಯಾಜೈಡ್ ಗುಂಪಿನ ಮಾತ್ರೆಗಳೇ ಇಲ್ಲಿ ಮೂತ್ರವನ್ನು ತಗ್ಗಿಸುತ್ತವೆ ಎಂಬುದು ವಿಚಿತ್ರವೆನಿಸಬಹುದು. ಅವು ದೇಹದ ಉಪ್ಪನ್ನು ಸ್ವಲ್ಪ ತಗ್ಗಿಸುತ್ತವೆ. ಆಗ ಮೂತ್ರಪಿಂಡದ ಆರಂಭದ ನಾಳಗಳೇ ಹೆಚ್ಚು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಹಾರ್ಮೋನು ಬೇಕಾದ ಕೊನೆಯ ನಾಳಕ್ಕೆ ಬರುವ ನೀರೇ ಕಡಿಮೆಯಾಗುತ್ತದೆ. ಊಟದಲ್ಲಿ ಉಪ್ಪು ಇಳಿಸಿದರೆ ಮಾತ್ರ ಇದು ಫಲಿಸುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಡುವುದು ಈ ಕಾಯಿಲೆಯಲ್ಲಿ ಚಿಕಿತ್ಸೆಯ ಭಾಗವೇ. ಲಿಥಿಯಂ ತೆಗೆದುಕೊಳ್ಳುವವರಲ್ಲಿ ಥಯಾಜೈಡ್ ಲಿಥಿಯಂ ಮಟ್ಟವನ್ನು ಏರಿಸುವುದರಿಂದ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು.

ಇನ್ನು ಹಾರ್ಮೋನು ಅತಿಯಾಗುವ ಸ್ಥಿತಿ. ನಮ್ಮ ಆಸ್ಪತ್ರೆಗಳಲ್ಲಿ ಕೊರತೆಯ ಕಾಯಿಲೆ ಅಪರೂಪ, ಇದು ದಿನನಿತ್ಯದ್ದು. 1957ರಲ್ಲಿ ಶ್ವಾರ್ಟ್ಸ್, ಬಾರ್ಟರ್ ಮತ್ತು ಸಂಗಡಿಗರು ಶ್ವಾಸಕೋಶದ ಕ್ಯಾನ್ಸರಿನ ಇಬ್ಬರು ರೋಗಿಗಳಲ್ಲಿ ಇದನ್ನು ವಿವರಿಸಿದರು. ಎಸ್‌ಐಎಡಿಎಚ್ ಎಂಬ ಸಂಕ್ಷಿಪ್ತ ಹೆಸರಿನಿಂದ ವೈದ್ಯರು ಇದನ್ನು ಗುರುತಿಸುತ್ತಾರೆ. ಕ್ಯಾನ್ಸರ್, ನ್ಯುಮೋನಿಯಾ, ಶ್ವಾಸಕೋಶದ ಹಾಗೂ ಮೆದುಳಿನ ಪೊರೆಯ ಕ್ಷಯ, ಶಸ್ತ್ರಚಿಕಿತ್ಸೆಯ ನೋವು, ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪೈನ್, ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಇದಕ್ಕೆ ಕಾರಣವಾಗುತ್ತವೆ. ಥೈರಾಯ್ಡ್ ಮತ್ತು ಅಡ್ರಿನಲ್ ಗ್ರಂಥಿಗಳು ಸರಿಯಾಗಿವೆಯೆಂದು ಖಚಿತಪಡಿಸಿಕೊಳ್ಳದೆ ಈ ಹೆಸರನ್ನು ಬರೆಯಬಾರದು.

ಮನೆಮನೆಗಳಲ್ಲಿ ಕಾಣುವ ಚಿತ್ರ ಹೀಗಿರುತ್ತದೆ. ಎಪ್ಪತ್ತು ದಾಟಿದ ಅಜ್ಜಿ, ಬಿ.ಪಿ.ಗೆಂದು ಥಯಾಜೈಡ್ ಸೇರಿದ ಮಾತ್ರೆ, ಉಪ್ಪು ಬಿಟ್ಟ ಊಟ. ಬೇಸಿಗೆಯಲ್ಲಿ ಎರಡು ದಿನ ವಾಂತಿ ಭೇದಿ. ಊಟ ಸೇರುವುದಿಲ್ಲ, ನೀರು, ಎಳನೀರು, ಟೀ ಮಾತ್ರ ಹೋಗುತ್ತಿದೆ. ಮೂರನೆಯ ದಿನ ಹೊತ್ತು ಗೊತ್ತಾಗದೆ ಏನೇನೋ ಮಾತಾಡುತ್ತಾರೆ, ಮಕ್ಕಳನ್ನು ಗುರುತಿಸುವುದಿಲ್ಲ. ಮನೆಯವರು ಪಾರ್ಶ್ವವಾಯುವೆಂದು ಹೆದರುತ್ತಾರೆ ಅಥವಾ ವಯಸ್ಸಿನ ಅರಳುಮರಳು ಎಂದುಕೊಳ್ಳುತ್ತಾರೆ. ಸೋಡಿಯಂ ನೋಡಿದರೆ 112. ಇಲ್ಲಿ ಉಪ್ಪೂ ಹೋಗಿದೆ, ಅದನ್ನು ಕಂಡು ಹಾರ್ಮೋನೂ ಏರಿದೆ, ಕುಡಿದ ನೀರು ಒಳಗೆ ಸಿಕ್ಕಿಕೊಂಡಿದೆ. ಇಂಥ ಸಮಯದಲ್ಲಿ ಸುಸ್ತಿಗೆ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಬಿಡಿ ಎನ್ನುವ ನಮ್ಮೂರಿನ ರೂಢಿ ನಿಜಕ್ಕೂ ಅಪಾಯಕಾರಿ. ಐದು ಪ್ರತಿಶತ ಗ್ಲೂಕೋಸ್ ದ್ರಾವಣದ ಸಕ್ಕರೆಯನ್ನು ದೇಹ ಬಳಸಿಕೊಂಡ ಮೇಲೆ ಉಳಿಯುವುದು ಬರಿಯ ನೀರು. ಸೋಡಿಯಂ ಇನ್ನೂ ಇಳಿದು ಮೆದುಳು ಊದಿಕೊಳ್ಳುತ್ತದೆ.

ಸೆಳೆತ, ಪ್ರಜ್ಞಾಹೀನತೆಯಂಥ ತೀವ್ರ ಲಕ್ಷಣಗಳಿದ್ದರೆ 3 ಪ್ರತಿಶತ ಉಪ್ಪಿನ ದ್ರಾವಣವನ್ನು 100 ಅಥವಾ 150 ಮಿಲಿಲೀಟರಿನಷ್ಟು ಬೇಗನೆ ಕೊಡುತ್ತಾರೆ. ಸೋಡಿಯಂ ನಾಲ್ಕರಿಂದ ಆರು ಅಂಕ ಏರಿದರೂ ಮೆದುಳಿನ ಅಪಾಯ ತಗ್ಗುತ್ತದೆ. ಅಲ್ಲಿಗೆ ಅವಸರ ಮುಗಿಯಿತು. ದಿನಗಟ್ಟಲೆ ಕಡಿಮೆ ಸೋಡಿಯಂಗೆ ಹೊಂದಿಕೊಂಡಿದ್ದ ಮೆದುಳಿನಲ್ಲಿ ಅದನ್ನು ಒಮ್ಮೆಲೇ ಏರಿಸಿದರೆ ನರಗಳ ಹೊದಿಕೆ ಕಳಚುತ್ತದೆ. 1959ರಲ್ಲಿ ಮದ್ಯವ್ಯಸನಿಗಳಲ್ಲಿ ಮತ್ತು ಪೌಷ್ಟಿಕಾಂಶವಿಲ್ಲದವರಲ್ಲಿ ಮೊದಲು ವಿವರಿಸಲಾದ ಈ ಹಾನಿಗೆ ಅವಸರದ ಸೋಡಿಯಂ ಏರಿಕೆಯೇ ಕಾರಣವೆಂಬುದು ನಂತರದ ದಶಕಗಳಲ್ಲಿ ತಿಳಿಯಿತು. ಸೋಡಿಯಂ ಸರಿಯಾಗಿ, ರೋಗಿ ಎದ್ದು ಕುಳಿತು ಮಾತಾಡಿ, ಮನೆಯವರು ನಿಟ್ಟುಸಿರು ಬಿಟ್ಟ ಕೆಲವು ದಿನಗಳ ಬಳಿಕ ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕೈಕಾಲು ಸೋಲುತ್ತವೆ. ಆದ್ದರಿಂದ 24 ಗಂಟೆಯಲ್ಲಿ ಎಂಟರಿಂದ ಹತ್ತು ಅಂಕಗಳಿಗಿಂತ ಹೆಚ್ಚು ಏರದಂತೆ ನೋಡುತ್ತೇವೆ. ಗಂಟೆಗಂಟೆಗೆ ರಕ್ತ ತೆಗೆಯುತ್ತಾರೆ ಎಂದು ಬೇಸರಿಸುವ ಬಂಧುಗಳಿಗೆ ನಾನು ಹೇಳುವುದು ಇಷ್ಟೇ: ಆ ರಕ್ತವೇ ಇಲ್ಲಿ ಚಿಕಿತ್ಸೆಯ ದಿಕ್ಕನ್ನು ತೋರಿಸುವುದು.

ತುರ್ತು ಕಳೆದ ಮೇಲೆ ಮೊದಲ ಹೆಜ್ಜೆ ಕಾರಣವಾದ ಮಾತ್ರೆಯನ್ನು ವೈದ್ಯರು ನಿಲ್ಲಿಸುವುದು. ಎಸ್‌ಐಎಡಿಎಚ್ ಆಗಿದ್ದರೆ ದಿನದ ಒಟ್ಟು ದ್ರವವನ್ನು ಒಂದು ಲೀಟರಿನ ಒಳಗೆ ಹಿಡಿಯುವುದು. ಕಾಫಿ, ಸಾರು, ಮಜ್ಜಿಗೆ, ಗಂಜಿ ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ. ಅದು ಸಾಲದಿದ್ದರೆ ಉಪ್ಪಿನ ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಫ್ಯುರೊಸಮೈಡ್, ಅಥವಾ ದಿನಕ್ಕೆ 15ರಿಂದ 30 ಗ್ರಾಂ ಯೂರಿಯಾ. ಔಷಧಿಯೆಂದು ಶುದ್ಧೀಕರಿಸಿದ ಈ ಯೂರಿಯಾ ಮೂತ್ರದ ಜೊತೆಗೆ ನೀರನ್ನು ಎಳೆದೊಯ್ಯುತ್ತದೆ. ರುಚಿ ಕಹಿ, ಆದರೆ ಕೆಲಸ ನಂಬಬಹುದಾದದ್ದು. ಗೊಬ್ಬರದ ಯೂರಿಯಾಕ್ಕೂ ಇದಕ್ಕೂ ಎಂದಿಗೂ ಗಲಿಬಿಲಿಯಾಗಬಾರದು.

ವಿ2 ಗ್ರಾಹಕವನ್ನೇ ತಡೆಯುವ ಟೋಲ್ವಾಪ್ಟಾನ್ ಮಾತ್ರೆ ಅಮೆರಿಕದಲ್ಲಿ 2009ರಲ್ಲಿ ಅನುಮೋದನೆ ಪಡೆಯಿತು. ನಮ್ಮ ದೇಶದಲ್ಲಿಯೂ ದೊರೆಯುತ್ತದೆ. ಡೆಸ್ಮೊಪ್ರೆಸಿನ್ ಯಾವ ಗ್ರಾಹಕಕ್ಕೆ ಅಂಟಿ ನೀರು ಉಳಿಸುತ್ತದೆಯೋ ಅದೇ ಗ್ರಾಹಕಕ್ಕೆ ಇದು ಅಂಟಿ ನೀರು ಬಿಡಿಸುತ್ತದೆ. 15 ಮಿಲಿಗ್ರಾಂನಿಂದ, ಆಸ್ಪತ್ರೆಯಲ್ಲಿಯೇ ಆರಂಭಿಸಬೇಕು. ಮೊದಲ ದಿನ ನೀರನ್ನು ನಿರ್ಬಂಧಿಸಬಾರದು, ಏಕೆಂದರೆ ಮೂತ್ರ ಲೀಟರುಗಟ್ಟಲೆ ಹೋಗಿ ಸೋಡಿಯಂ ಜಿಗಿದುಬಿಡಬಹುದು. ಬಾಯಾರಿಕೆ ತಿಳಿಯದವರಿಗೆ, ವಾಂತಿ ಭೇದಿಯಿಂದ ದೇಹ ಒಣಗಿದವರಿಗೆ ಇದು ಸಲ್ಲದು. ಮೇಲೆ ಹೇಳಿದ ಅಜ್ಜಿಗೆ ಕೊಟ್ಟರೆ ಹಾನಿಯೇ ಆಗುತ್ತದೆ. ಯಕೃತ್ತಿಗೆ ಪೆಟ್ಟಾಗುವುದು ಕಂಡುಬಂದದ್ದರಿಂದ 2013ರಲ್ಲಿ ಇದರ ಬಳಕೆಯನ್ನು 30 ದಿನಗಳಿಗೆ ಮಿತಿಗೊಳಿಸುವ ಎಚ್ಚರಿಕೆ ಬಂದಿತು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದರ ಶಕ್ತಿಯನ್ನು ಕುಗ್ಗಿಸುತ್ತದೆ, ಕ್ಲಾರಿಥ್ರೊಮೈಸಿನ್‌ನಂಥ ಔಷಧಿಗಳು ಅತಿಯಾಗಿ ಏರಿಸುತ್ತವೆ.

ಸೋಡಿಯಂ ಕುಸಿಯಲು ನಮ್ಮ ನೆಲಕ್ಕೇ ಸೇರಿದ ಇನ್ನೊಂದು ಕಾರಣವನ್ನು ಹೇಳಲೇಬೇಕು. ಗದ್ದೆ ತೋಟಗಳಲ್ಲಿ ಕಚ್ಚುವ ಕೊಳಕುಮಂಡಲ ಹಾವಿನ ವಿಷ ಪಿಟ್ಯುಟರಿ ಗ್ರಂಥಿಯ ಮುಂಭಾಗವನ್ನು ರಕ್ತಸ್ರಾವದಿಂದ ಹಾಳುಮಾಡಬಲ್ಲದು. ಬರ್ಮಾದಿಂದ 1987ರಲ್ಲಿ, ಆಮೇಲೆ ದಕ್ಷಿಣ ಭಾರತದಿಂದಲೂ ಇದರ ವರದಿಗಳು ಬಂದಿವೆ. ಹಾವಿನ ಗಾಯ ಮಾಗಿ ತಿಂಗಳುಗಳೋ ವರ್ಷಗಳೋ ಆದ ಮೇಲೆ ಆ ರೈತ ಸುಸ್ತು, ವಾಂತಿ, ಕಡಿಮೆ ರಕ್ತದೊತ್ತಡ ಎಂದು ಬರುತ್ತಾನೆ, ಸೋಡಿಯಂ ಕುಸಿದಿರುತ್ತದೆ. ಇಲ್ಲಿ ಕೊರತೆಯಾಗಿರುವುದು ಕಾರ್ಟಿಸೋಲ್, ಪಿಟ್ಯುಟರಿಯ ಮುಂಭಾಗದ ಸೂಚನೆಯಂತೆ ಅಡ್ರಿನಲ್ ಗ್ರಂಥಿ ತಯಾರಿಸುವ ಹಾರ್ಮೋನು. ಅದಿಲ್ಲದಿದ್ದರೆ ವ್ಯಾಸೋಪ್ರೆಸಿನ್ ಕಡಿವಾಣವಿಲ್ಲದೆ ಏರುತ್ತದೆ. ಕಾರ್ಟಿಸೋಲಿನ ಬದಲಿಗೆ ಕೊಡುವ ಹೈಡ್ರೊಕಾರ್ಟಿಸೋನ್ ಕೊಟ್ಟ ಕೂಡಲೇ ತಡೆ ಮರಳಿ ಬರುತ್ತದೆ, ಮೂತ್ರ ಧಾರಾಳವಾಗಿ ಹರಿಯುತ್ತದೆ, ಸೋಡಿಯಂ ತಾನಾಗಿ ಏರತೊಡಗುತ್ತದೆ; ಕೆಲವೊಮ್ಮೆ ಅಪಾಯದ ವೇಗದಲ್ಲಿ. ಆಗ ಆ ವೇಗಕ್ಕೆ ತಡೆಹಾಕಲು ಕಡಿಮೆ ಸೋಡಿಯಂ ಇರುವ ಅದೇ ರೋಗಿಗೆ ಡೆಸ್ಮೊಪ್ರೆಸಿನ್ ಕೊಡುವುದೂ ಉಂಟು.

ಉಪನ್ಯಾಸದ ಕೊನೆಯಲ್ಲಿ ಸಭಿಕರೊಬ್ಬರು ಉಪವಾಸದ ಬಗ್ಗೆ ಕೇಳಿದರು. ಏಕಾದಶಿಯ ನಿರ್ಜಲ ಉಪವಾಸವಾಗಲಿ, ರಂಜಾನ್ ತಿಂಗಳ ರೋಜಾ ಆಗಲಿ, ವ್ಯಾಸೋಪ್ರೆಸಿನ್ ಪ್ರತಿರೋಧವಿರುವವರು ಆಚರಿಸಲೇಬಾರದು. ಅವರ ದೇಹ ನೀರನ್ನು ಹಿಡಿದಿಡಲಾರದು. ಕೊರತೆಯ ರೋಗಿಗಳಲ್ಲಿ ಮಾತ್ರೆಯಿಂದ ಸ್ಥಿರವಾಗಿದ್ದು, ಬಾಯಾರಿಕೆ ಸರಿಯಾಗಿ ತಿಳಿಯುವ ಕೆಲವರು ತಮ್ಮ ವೈದ್ಯರೊಡನೆ ಮೊದಲೇ ಮಾತಾಡಿ, ಮಾತ್ರೆಯ ಹೊತ್ತನ್ನು ಹೊಂದಿಸಿಕೊಂಡು ಆಚರಿಸಬಹುದು. ಬಾಯಿ ಒಣಗಿ ತಲೆ ತಿರುಗಿದರೆ ಅಥವಾ ಮೂತ್ರ ಬಿಡದೆ ಹರಿಯತೊಡಗಿದರೆ ಅಲ್ಲಿಯೇ ಉಪವಾಸ ಬಿಡಬೇಕು. ಸಂಜೆ ಉಪವಾಸ ಮುರಿಯುವಾಗ ಮಾತ್ರೆ ನುಂಗಿ, ದಿನವಿಡೀ ತಡೆದಿದ್ದ ನೀರನ್ನೆಲ್ಲ ಒಂದೇ ಸಲಕ್ಕೆ ಕುಡಿಯುವುದೂ ಅಷ್ಟೇ ಅಪಾಯ. ಬಾಯಾರಿಕೆ ತೀರುವಷ್ಟನ್ನು ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು.